ಮರಿಗೆಯ ತಳ

ಉಸುಕು ತೊಳೆಯುವ ಕಟ್ಟಿಗೆಯ ಮರಿಗೆಯ ತಳದ ಕಪ್ಪು ಉಸುಕಿನಲ್ಲಿ ಹೊಳೆದದ್ದು ಎಂದಿನ ಚಿನ್ನದ ಪುಡಿಯಲ್ಲ, ಗಂಡಸರ ಕಿವಿಯ ಒಂದು ಮುರುವು. ಉಡಚವ್ವ ಅದನ್ನು ಹೆಬ್ಬೆರಳಿನಿಂದ ಸವರಿದಳು. ಅಂಚಿನಲ್ಲಿ ಸಣ್ಣದೊಂದು ತಗ್ಗು ಸಿಕ್ಕಿತು. ತನ್ನ ಮಗಳು ಹಾಲುಹಲ್ಲು ಬಂದ ಹೊಸದರಲ್ಲಿ ಅಪ್ಪನ ಹೆಗಲೇರಿ, ಕಿವಿ ಸಮೇತ ಕಚ್ಚಿದ ಗುರುತು ಅದು.

ಬಿಳಿಯರ ಕಂಪನಿ ಬಿಟ್ಟುಹೋದ ಚಿನ್ನದ ಗಣಿಯ ಸುರಂಗದಿಂದ, ಮೊನ್ನೆಯ ಮಳೆಗೆ ಬೆಣಚುಕಲ್ಲಿನ ಕೆಸರು ಹಳ್ಳಕ್ಕಿಳಿದಿತ್ತು. ಅದನ್ನು ತೊಳೆಯಲೆಂದೇ ಹತ್ತಿಮತ್ತೂರಿನಿಂದ ಅತ್ತಿಗೆ ಮೈದುನ ಇಬ್ಬರೂ ಬಂದಿದ್ದರು. ಅವಳು ಮರಿಗೆ ಆಡಿಸುವುದು, ಗುಡ್ಡಪ್ಪ ನೀರು ಹಾಕುವುದು. ಅವನ ಅಣ್ಣ, ಅಂದರೆ ಅವಳ ಗಂಡ, ಕೋಲಾರದ ಗಣಿಗೆ ದುಡಿಯಲು ಹೋದಾಗಿನಿಂದ, ಹದಿನಾರು ವರ್ಷ ಹೀಗೆಯೇ ನಡೆದಿತ್ತು. ಯಲವಿಗಿ ಸ್ಟೇಶನ್ನಿನಲ್ಲಿ ಅಣ್ಣನನ್ನು ರೈಲು ಹತ್ತಿಸಿ ಬಂದವನೂ ಗುಡ್ಡಪ್ಪನೇ. ಒಂದೂ ಕಾಗದ ಬರಲಿಲ್ಲ. ಆದರೂ ಉಡಚವ್ವ ಕುಂಕುಮ ಅಳಿಸಿರಲಿಲ್ಲ.

ಅವಳು ಮುಷ್ಟಿ ಮುಚ್ಚಿದಳು. “ಗುಡ್ಡಪ್ಪಾ, ನಿಮ್ಮಣ್ಣ ರೈಲು ಹತ್ತುವಾಗ ಕಿವ್ಯಾಗ ಮುರುವು ಇದ್ದೂವೇನು?”

“ಇದ್ದೂ. ಎರಡೂ ಕಿಟಕ್ಯಾಗ ಹೊಳಿಯಾಕತ್ತಿದ್ದೂ. ಈಗ್ಯಾಕ ಅತ್ತಿಗಿ ಆ ಮಾತು?”

ಅವಳು ಅಂಗೈ ಬಿಚ್ಚಿದಳು. ಗುಡ್ಡಪ್ಪನ ಕೈಯಲ್ಲಿದ್ದ ಕೊಡ ಓರೆಯಾಗಿ, ನೀರೆಲ್ಲ ಅವನ ಕಾಲ ಮೇಲೆಯೇ ಸುರಿಯಿತು. ಅದು ಅವನಿಗೆ ತಿಳಿಯಲೂ ಇಲ್ಲ.

“ಒಂದು ಸಿಕ್ತು,” ಅಂದಳು ಉಡಚವ್ವ. “ಇನ್ನೊಂದು ಎಲ್ಲಿ ಐತಿ?”

ಗುಡ್ಡಪ್ಪನ ಕಣ್ಣು, ತಡೆದರೂ ನಿಲ್ಲದೆ, ಸುರಂಗದ ಬಾಯಿಯತ್ತ ಹೊರಳಿತು.