ಭಾನುವಾರದ ಮೊದಲ ಗಂಟೆ

ಭಾನುವಾರ ಬೆಳಗಿನ ಮೊದಲ ಗಂಟೆ ಹೊಡೆಯಲೇ ಇಲ್ಲ. ಸಮೋವಾದ ಆ ಕಡಲತೀರದ ಊರಿಗೆ ಊರೇ ಬಿಳಿ ಬಟ್ಟೆ ತೊಟ್ಟು, ಗಂಟೆ ಕೇಳಿದ ಮೇಲೆ ಹೊರಡೋಣವೆಂದು ಮನೆಮನೆಯ ಜಗಲಿಯಲ್ಲಿ ಕೂತಿತ್ತು. ಫಿಲೆಮು ಮಾತ್ರ ಬರಿಗಾಲಲ್ಲೇ ಚರ್ಚಿನ ಪಕ್ಕದ ಸಭಾಮನೆಗೆ ಓಡಿದಳು. ಅಲ್ಲಿದ್ದ ಹಳೆಯ ಕಂಪ್ಯೂಟರಿಗೆ ಪುಕ್ಕಟೆ ಸಿಗುವ ಲಿನಕ್ಸ್ ತಂತ್ರಾಂಶ ಹಾಕಿ, ಸ್ಪೀಕರಿಗೆ ತಂತಿ ಎಳೆದು, ಹೊತ್ತುಹೊತ್ತಿಗೆ ಅದು ತಾನಾಗಿಯೇ ಗಂಟೆ ಬಾರಿಸುವಂತೆ ಮಾಡಿದವಳು ಅವಳೇ.

ಬಾಗಿಲಲ್ಲಿ ಚರ್ಚಿನ ಹಿರಿಯ ಫಲನಿಕೊ ನಿಂತಿದ್ದ, ಕೈಯಲ್ಲಿ ಕಬ್ಬಿಣದ ಸರಳು. ಮರಕ್ಕೆ ತೂಗುಹಾಕಿದ್ದ ಖಾಲಿ ಗ್ಯಾಸ್ ಸಿಲಿಂಡರಿಗೆ ಆ ಸರಳಿನಿಂದ ಹೊಡೆದು ಊರನ್ನು ಪ್ರಾರ್ಥನೆಗೆ ಕರೆಯುತ್ತಿದ್ದವನು ಅವನು. ಸಿಲಿಂಡರ್ ಬಿರುಕು ಬಿಟ್ಟು ದನಿ ಒಡೆದಾಗ, ಫಿಲೆಮು ತಾನು ಹಿಂದೆಯೇ ರೆಕಾರ್ಡ್ ಮಾಡಿಟ್ಟುಕೊಂಡಿದ್ದ ಅದರ ಸದ್ದನ್ನು ಕಂಪ್ಯೂಟರಿಗೆ ತುಂಬಿದ್ದಳು. ಹಿರಿಯರು ಒಪ್ಪಿದ್ದರು, ಆದರೆ ಒಂದು ಮಾತು ಹೇಳಿಯೇ ಒಪ್ಪಿದ್ದರು: ಭಾನುವಾರದ ಗಂಟೆ ತಪ್ಪಿದರೆ ಕಂಪ್ಯೂಟರ್ ಸಭಾಮನೆಯಿಂದ ಹೊರಗೆ. ಅದು ಹೊರಗೆ ಹೋಯಿತೆಂದರೆ, ವಾರವಿಡೀ ಅದರ ಮುಂದೆ ಕೂತು ಕಲಿಯುತ್ತಿದ್ದ ಊರ ಹೆಣ್ಣುಮಕ್ಕಳೂ ಹೊರಗೆ ಹೋದಂತೆಯೇ.

“ಏನಮ್ಮಾ ಫಿಲೆಮು, ನಿನ್ನ ಯಂತ್ರಕ್ಕೂ ಭಾನುವಾರ ರಜಾನಾ?”

“ಎರಡನೇ ಸಲ ಗಂಟೆ ಹೊಡೆಯೋಕೆ ಇನ್ನೂ ಹೊತ್ತಿದೆಯಲ್ಲ ದೊಡ್ಡಪ್ಪಾ. ಅಷ್ಟರೊಳಗೆ ಸರಿ ಮಾಡ್ತೀನಿ.”

“ಮಾಡು, ಮಾಡು. ಅದೂ ತಪ್ತೋ, ನಾನು ಆ ಒಡಕು ಸಿಲಿಂಡರಿಗೇ ಹೊಡಿತೀನಿ. ಆಮೇಲೆ ಈ ಪೆಟ್ಟಿಗೇನ ನಿಮ್ಮನೆ ಕೋಳಿಗೂಡಲ್ಲಿ ಇಟ್ಕೋ.”

ಫಲನಿಕೊನ ಹಿಂದೆಯೇ ಅವಳ ಚಿಕ್ಕಪ್ಪ ಅಪೆಲು ಒಳಗೆ ಬಂದ. ಕಡಲಾಚೆಯ ಪಾಗೊ ಪಾಗೊ ಪಟ್ಟಣದ ಮೀನಿನ ಕಾರ್ಖಾನೆಯಲ್ಲಿ ಜೀವ ತೇದು, ಮೊನ್ನೆ ಗುರುವಾರ ನೆಂಟರನ್ನು ನೋಡಲು ಬಂದಿಳಿದವನು. ಅವನಿಲ್ಲದ ಜಾಗವಿಲ್ಲ, ಅವನಿಗೆ ತಿಳಿಯದ ವಿಷಯವಿಲ್ಲ. “ಪುಕ್ಕಟೆ ಸಿಕ್ಕಿದ್ದು ಅಂದ್ಮೇಲೆ ಇಷ್ಟೇ ಕಣೆ,” ಎಂದ. “ಶುಕ್ರವಾರ ಕರೆಂಟ್ ಹೋಗಿ ಬಂದಾಗ ಇದಕ್ಕೆ ಹೊತ್ತೇ ಗೊತ್ತಿರ್ಲಿಲ್ಲ. ನಾನು ತಾರೀಖು, ಟೈಮು ಎಲ್ಲ ಹಾಕಿಕೊಟ್ಟೆ. ಇಲ್ದಿದ್ರೆ ಶನಿವಾರವೇ ನಿನ್ನ ಮಾನ ಹೋಗ್ತಿತ್ತು.”

ಫಿಲೆಮು ಕಂಪ್ಯೂಟರಿನ ಮುಂದೆ ಕೂತಳು. ತಂತಿಗಳನ್ನು ಒತ್ತಿ ನೋಡಿದಳು, ಬಿಗಿಯಾಗಿಯೇ ಇದ್ದವು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಗಂಟೆ ಬಾರಿಸಿ ನೋಡಿದಳು, ಢಣ್ ಎಂದು ಕೇಳಿಸಿತು. ಪರದೆಯ ಮೂಲೆಯ ಸಮಯವನ್ನು ತನ್ನ ಫೋನಿನ ಸಮಯದ ಜೊತೆ ಹೋಲಿಸಿದಳು, ನಿಮಿಷಕ್ಕೆ ನಿಮಿಷ ಸರಿಯಿತ್ತು. ಎಲ್ಲವೂ ಸರಿ, ಗಂಟೆ ಮಾತ್ರ ಇಲ್ಲ.

ಅಪೆಲು ಬಗ್ಗಿ ಪಿಸುಗುಟ್ಟಿದ: “ಹೊತ್ತಾದಾಗ ನೀನೇ ಮೆಲ್ಲಗೆ ಒಂದು ಗುಂಡಿ ಒತ್ತಿಬಿಡು. ಯಾರು ನೋಡ್ತಾರೆ?”

“ನಾನೇ ಒತ್ತೋ ಹಾಗಿದ್ರೆ, ದೊಡ್ಡಪ್ಪ ಆ ಸರಳು ಕೆಳಗಿಡೋದು ಯಾಕೆ ಬೇಕಿತ್ತು ಚಿಕ್ಕಪ್ಪಾ?”

ನಿನ್ನೆ ಸಂಜೆಯ ಪ್ರಾರ್ಥನೆಗೆ ಗಂಟೆ ಹೊಡೆದದ್ದನ್ನು ಊರೆಲ್ಲ ಕೇಳಿತ್ತು. ಅದು ದಿನಾ ಹೊಡೆಯುವ ಗಂಟೆ. ಬೆಳಗಿನದು ಭಾನುವಾರಕ್ಕೆಂದೇ ಇಟ್ಟದ್ದು. ಹಾಗಾದರೆ ಕೆಟ್ಟಿರುವುದು ಗಂಟೆಯಲ್ಲ, ಭಾನುವಾರ! ಫಿಲೆಮು ಆದೇಶ ಬರೆಯುವ ಟರ್ಮಿನಲ್ ಕಿಟಕಿ ತೆರೆದು, ಇವತ್ತು ಯಾವ ದಿನವೆಂದು ಕಂಪ್ಯೂಟರನ್ನೇ ಕೇಳಿದಳು. ಶನಿವಾರ, ಎಂದಿತು ಅದು, ಯಾವ ಸಂಕೋಚವೂ ಇಲ್ಲದೆ.

“ಚಿಕ್ಕಪ್ಪಾ, ಅವತ್ತು ತಾರೀಖು ಏನು ನೋಡಿ ಹಾಕಿದ್ರಿ?”

“ನನ್ನ ವಾಚ್ ನೋಡಿ!” ಅಪೆಲು ಮಣಿಕಟ್ಟು ಎತ್ತಿ ತೋರಿಸಿದ. “ಕಾರ್ಖಾನೆಯವರು ಸನ್ಮಾನ ಮಾಡಿ ಕೊಟ್ಟಿದ್ದು. ಒಂದು ನಿಮಿಷ ಆಚೆ ಈಚೆ ಆಗಲ್ಲ.”

“ನಿಮಿಷ ಸರಿ. ದಿನ?”

ಅಪೆಲು ಗಡಿಯಾರವನ್ನು ಕಣ್ಣಿನ ಹತ್ತಿರ ತಂದು ನೋಡಿದ. ಅದರಲ್ಲೂ ಶನಿವಾರವೇ ಇತ್ತು. ಪಾಗೊ ಪಾಗೊ ಇರುವುದು ವಿಮಾನದಲ್ಲಿ ಒಂದು ತೂಕಡಿಕೆಯಷ್ಟು ದೂರದಲ್ಲಿ, ಗಂಟೆ ನಿಮಿಷಗಳೂ ಎರಡೂ ಕಡೆ ಒಂದೇ. ಆದರೆ ದಿನ ಬದಲಾಗುವ ಗೆರೆ ನಡುವಿನ ಕಡಲಲ್ಲೇ ಹಾದುಹೋಗಿ, ಅಲ್ಲಿ ಸದಾ ಒಂದು ದಿನ ಹಿಂದೆ. ಮುಳ್ಳು ತಿರುಗಿಸುವ ಕೆಲಸವೇ ಬೀಳದ ಮೇಲೆ ಪುಣ್ಯಾತ್ಮ ತಾರೀಖಿನ ಕಡೆ ಕಣ್ಣೆತ್ತಿಯೂ ನೋಡಿರಲಿಲ್ಲ.

ಫಿಲೆಮು ಒಂದೇ ಸಾಲು ಬರೆದು ಕಂಪ್ಯೂಟರನ್ನು ಭಾನುವಾರಕ್ಕೆ ತಂದಳು. ಆಮೇಲೆ ಎದ್ದು ಬಾಗಿಲಿಗೆ ಬಂದು, ಎಲ್ಲರಿಗೂ ಕಾಣುವಂತೆ ಎರಡೂ ಕೈ ಕಟ್ಟಿಕೊಂಡು ನಿಂತಳು. ಫಲನಿಕೊ ಸರಳನ್ನು ಬಿಗಿಯಾಗಿ ಹಿಡಿದುಕೊಂಡ.

ಢಣ್!

ತೆಂಗಿನ ಮರದ ಹಕ್ಕಿಗಳೆಲ್ಲ ಎದ್ದು ಹಾರಿದವು. ಢಣ್! ಢಣ್! ಜಗಲಿಗಳಿಂದ ಬಿಳಿ ಟೋಪಿಗಳು ಇಳಿದು ದಾರಿಗೆ ಬಂದವು. ರಗ್ಬಿ ಗೆದ್ದವರಂತೆ ಕೇಕೆ ಹಾಕಲು ಬಾಯಿ ತೆರೆದ ಫಿಲೆಮು, ಭಾನುವಾರ ಕಿರುಚಬಾರದೆಂಬುದು ನೆನಪಾಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕಣ್ಣಲ್ಲಿ ಮಾತ್ರ ಸಂತೋಷ ತಡೆಯಲಾರದೆ ಹರಿಯಿತು. ಪಕ್ಕದಲ್ಲಿ ಫಲನಿಕೊನ ಸರಳು ಪ್ರತಿ ಏಟಿಗೂ ಗಾಳಿಯಲ್ಲಿ ತಾನೇ ತಾನಾಗಿ ಆಡುತ್ತಿತ್ತು.

“ಮೂರನೇ ಏಟು ಯಾವಾಗ್ಲೂ ಒಂಚೂರು ಜೋರಾಗಿ ಹೊಡಿತಿದ್ದೆ,” ಎಂದ ಅವನು ಮೆಲ್ಲಗೆ. “ಹಾಗೇ ಇದೆ ಕಣಮ್ಮ.”

ಒಳಗೆ ಹೋಗಿ ಸರಳನ್ನು ಕಂಪ್ಯೂಟರಿನ ಪಕ್ಕದಲ್ಲಿ ಮಲಗಿಸಿ ಬಂದ. ಬಾಗಿಲಲ್ಲಿ ಅಪೆಲು ಇನ್ನೂ ತಲೆ ತಗ್ಗಿಸಿ ಗಡಿಯಾರದ ತಿರುಪನ್ನು ತಿರುವುತ್ತಲೇ ಇದ್ದ. ಫಲನಿಕೊ ಅವನ ಬೆನ್ನಿಗೊಂದು ಗುದ್ದು ಕೊಟ್ಟ:

“ಬೇಗ ಬಾರೋ ಅಪೆಲು. ಯಂತ್ರವೂ ಭಾನುವಾರಕ್ಕೆ ಬಂದಾಯ್ತು. ಊರಲ್ಲಿ ನೀನೊಬ್ಬ ಶನಿವಾರದಲ್ಲಿ ಉಳಿದಿದ್ದೀಯ.”