ಅಂಗಳದ ತೂತುಗಳು

“ಈ ಮನೇಲಿ ಹೆಗ್ಗಣದ ಕಾಟ ಇದ್ಯಾ?” ಎಂದು ಮಾರ್ಲೀನ್ ಕೇಳಿದ್ದೇ ತಡ, ಮನೆ ತೋರಿಸಲು ಬಂದಿದ್ದ ಏಜೆಂಟ್ ಒಡೆಸ್ಸಾ ಕೀಲಿಗೊಂಚಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು. ಮುಂದಿನ ಅಂಗಳದ ಹುಲ್ಲಿನ ತುಂಬ ಮುಷ್ಟಿ ಹೋಗುವಷ್ಟು ಅಗಲದ ತೂತುಗಳಿದ್ದವು.

ಮಾರ್ಲೀನಳ ಗಂಡ ವೆಂಡೆಲ್, ಹ್ಯಾರೋಬೆಂಡ್ ಎಂಬ ಊರಿನ ಹೈಸ್ಕೂಲಿನ ಫುಟ್‌ಬಾಲ್ ತಂಡಕ್ಕೆ ಹೊಸ ಕೋಚ್. ಅಲಬಾಮಾದ ಇಂಥ ಸಣ್ಣ ಊರಲ್ಲಿ ಅದು ಮೇಯರನಿಗಿಂತ ದೊಡ್ಡ ಹುದ್ದೆ, ಸೋಲುವ ತನಕ. ಇಷ್ಟು ವರ್ಷ ಅವನು ಸಹಾಯಕ ಕೋಚ್ ಆಗಿದ್ದ. ದೊಡ್ಡ ಕೋಚನ್ನು ಊರವರು ಓಡಿಸಿದಾಗಲೆಲ್ಲ ಇವನೂ ಗಂಟುಮೂಟೆ ಕಟ್ಟುತ್ತಿದ್ದ. ಅವರ ಸಂಸಾರದ ಜೊತೆಗೆ ಮಾರ್ಲೀನಳ ಅಮ್ಮ ಕೊಟ್ಟ ಅಂಜೂರದ ಗಿಡವೂ ಟಬ್ಬಿನಲ್ಲಿ ಕೂತುಕೊಂಡೇ ಊರೂರು ಸುತ್ತಿತ್ತು. ಈಗಲೂ ಟ್ರಕ್ಕಿನ ಹಿಂಬದಿಯಲ್ಲಿ ಬಿಸಿಲಿಗೆ ಎಲೆ ಜೋಲಿಸಿಕೊಂಡು ನಿಂತಿತ್ತು. ಈ ಊರಲ್ಲಾದರೂ ಅದನ್ನು ನೆಲಕ್ಕಿಳಿಸಬೇಕು, ಅದು ಹಣ್ಣು ಬಿಡುವುದನ್ನು ಕಣ್ಣಾರೆ ನೋಡಬೇಕು. ಅವಳಿಗೆ ಬೇಕಾಗಿದ್ದುದು ಅಷ್ಟೇ. ಆದರೆ ಯಾವ ನೆಲಕ್ಕೆ ಎಂಬುದೇ ಬಗೆಹರಿಯುತ್ತಿರಲಿಲ್ಲ.

ಒಡೆಸ್ಸಾ ಮನೆ ಮಾರುವವಳೋ, ಬೇಡವೆನ್ನಿಸುವವಳೋ ತಿಳಿಯದಾಗಿತ್ತು. ಬೆಳಿಗ್ಗೆ ಆಟದ ಮೈದಾನದ ಪಕ್ಕದ ಮನೆ ತೋರಿಸಿ, “ಹತ್ತಿರ ಏನೋ ಹತ್ತಿರಾನೇ ಕಣವ್ವಾ. ಆದ್ರೆ ಶುಕ್ರವಾರದ ಆಟ ಮುಗಿದ ಮಾರನೇ ಬೆಳಿಗ್ಗೆ ನೀನು ಬಾಗ್ಲು ತೆಗೆಯೋದೇ ತಡ, ನಿನ್ನೆ ನಿನ್ನ ಗಂಡ ಯಾಕೆ ಹಂಗೆ ಆಡಿಸ್ದ ಅಂತ ಕೇಳೋಕೆ ಜನ ಬೇಲಿಗೆ ಒರಗಿ ನಿಂತಿರ್ತಾರೆ” ಅಂದಿದ್ದಳು. ಚರ್ಚಿನ ಬೀದಿಯ ಮನೆ ಮಾರ್ಲೀನಳಿಗೆ ಇಷ್ಟವಾಗಿತ್ತು. “ಪಕ್ಕದ ಮನೆ ಮುದುಕನ ಮೊಮ್ಮಗ ತಂಡದಲ್ಲಿದ್ದಾನೆ. ಅವನನ್ನ ಆಡಿಸಿದ್ರೆ ಮುದುಕನ ಪೀಚ್ ಹಣ್ಣು ತಿಂದು ಆಡಿಸ್ದ ಅಂತಾರೆ. ಆಡಿಸ್ದೇ ಇದ್ರೆ ಮುದುಕ ನಿನ್ನ ಮುಖ ನೋಡಲ್ಲ” ಎಂದು ಅದಕ್ಕೂ ಕಲ್ಲು ಹಾಕಿದಳು.

“ಊರಾಚೆ, ಹತ್ತಿ ಹೊಲದ ಹತ್ರ?”

“ಕೋಚಿಗೆ ನಾವೆಲ್ಲ ಸೇರಲ್ಲ ಅಂತಾರೆ.”

“ಬಾಡಿಗೆಗೆ ಹಿಡಿದ್ರೆ?”

“ಒಂದು ಕಾಲು ಹೊರಗಿಟ್ಕೊಂಡೇ ಬಂದ ಅಂತಾರೆ.”

ಮಾರ್ಲೀನಳಿಗೆ ತಲೆ ಗಿರ್ರೆಂದಿತು. ಮೈದಾನದಲ್ಲಿ ಕಣ್ಣು ಮಿಟುಕಿಸುವುದರೊಳಗೆ ತೀರ್ಮಾನ ಮಾಡುವ ಗಂಡ ಇಲ್ಲಿ ಕತ್ತು ಕೆರೆದುಕೊಳ್ಳುತ್ತ, “ನೀನು ಯಾವ್ದು ಅಂದ್ರೆ ಅದು” ಎನ್ನುತ್ತಿದ್ದ. ಅವಳಿಗೆ ಅವನ ಮೇಲೆ ಕೆಟ್ಟ ಸಿಟ್ಟು ಬಂದಿತ್ತು. ಹೀಗೆ ಸುತ್ತಿ ಸುತ್ತಿ ಕೊನೆಗೆ ಬಂದದ್ದು ಈ ತೂತುಗಳ ಮನೆಗೆ.

“ಹೆಗ್ಗಣ ಅಲ್ಲ ತಾಯಿ” ಎಂದಳು ಒಡೆಸ್ಸಾ. “ಇದು ಹಿಂದಿನ ಕೋಚ್ ಇದ್ದ ಮನೆ. ಹೋದ ನವೆಂಬರ್‌ನಲ್ಲಿ ವರ್ಷವರ್ಷ ನಡೆಯೋ ಆಟದಲ್ಲಿ ಪಕ್ಕದೂರಿನವರ ಕೈಲಿ ಸೋತ್ವಲ್ಲ, ಬೆಳಗಾಗೋದ್ರೊಳಗೆ ಊರಲ್ಲಿದ್ದ ‘ಮನೆ ಮಾರಾಟಕ್ಕಿದೆ’ ಬೋರ್ಡುಗಳನ್ನೆಲ್ಲ ಕಿತ್ಕೊಂಬಂದು ಇಲ್ಲಿ ನೆಟ್ಟಿದ್ರು. ಹೊರಡಪ್ಪಾ ಅಂತ ಬಾಯಿಬಿಟ್ಟು ಹೇಳೋಕೆ ನಾಚಿಕೆ ನೋಡು, ನಮ್ಮೋರು ಮರ್ಯಾದಸ್ತರು! ನನ್ನ ಬೋರ್ಡುಗಳನ್ನ ನಾನೇ ಬಂದು ಕಿತ್ಕೊಂಡು ಹೋದೆ. ತೂತು ಹಂಗೇ ಉಳಿದ್ವು.”

“ಆ ಮನೆಯಾಕೆ?”

“ನಾನು ಕೀಳ್ತಿದ್ರೆ ದಣಿದಿದ್ದೀಯ ಅಂತ ಐಸ್ ಹಾಕಿದ ಟೀ ತಂದ್ಕೊಟ್ಲು. ಅವಳ ಮುಖ ನೋಡೋಕಾಗ್ಲಿಲ್ಲ ನನಗೆ. ಗೆದ್ದಾಗ ಇದೇ ಜನ ಸಿಹಿ ಪೈ ಮಾಡ್ಕೊಂಡು ಬಂದು ಈ ಮೆಟ್ಟಿಲ ಮೇಲೆ ಸಾಲು ನಿಂತಿದ್ರು. ಗೆದ್ದೆತ್ತಿನ ಬಾಲ ಹಿಡಿಯೋರು.”

ಮಾರ್ಲೀನ್ ಗಂಡನ ಕಡೆ ತಿರುಗಿದಳು. “ನಿನಗಿದು ಗೊತ್ತಿತ್ತಾ?”

“ಎಲ್ಲಾ ಊರಲ್ಲೂ ಇದ್ದದ್ದೇ. ಸಹಾಯಕನ ಮನೆ ಮುಂದೆ ಯಾರೂ ಬೋರ್ಡು ನೆಡಲ್ಲ, ಅದಕ್ಕೆ ನೀನು ನೋಡಿಲ್ಲ” ಎಂದ ವೆಂಡೆಲ್. “ಗೆಲ್ತೀವಿ ಬಿಡೇ.”

“ಸೋಲದೇ ಇರೋ ಕೋಚು ಇನ್ನೂ ಹುಟ್ಟಿಲ್ಲ ಕಣೋ.”

ಅವಳು ತೂತುಗಳ ನಡುವೆ ಅತ್ತಿಂದಿತ್ತ ನಡೆದಳು. ಒಂದರೊಳಗೆ ಕಾಲು ಸಿಕ್ಕಿ ಮುಗ್ಗರಿಸಿ, ಅಲ್ಲೇ ನಿಂತು, “ಇದೇ ಇರ್ಲಿ” ಎಂದಳು.

“ಇದಾ?” ಎಂದರು ಇಬ್ಬರೂ ಒಟ್ಟಿಗೇ.

“ಉಳಿದ ಅಂಗಳಗಳಲ್ಲಿ ತೂತು ಇನ್ನು ಮೇಲೆ ಬೀಳ್ಬೇಕು. ಇಲ್ಲಿ ಆಗ್ಲೇ ಬಿದ್ದಿವೆ. ಗುದ್ದಲಿ ತಗೊಂಬಾ.”

ಈ ಮನೆ ಮಾರಾಟಕ್ಕಿದೆಯೆಂದು ಒಡೆಸ್ಸಾ ಅಂಗಳದಲ್ಲಿ ನೆಟ್ಟಿದ್ದ ಬೋರ್ಡನ್ನು ಮಾರ್ಲೀನಳೇ ಅಲ್ಲಾಡಿಸಿ ಕಿತ್ತಳು. ಗಂಡನ ಕೈಲಿ ಆ ತೂತನ್ನೇ ಅಗಲ ಮಾಡಿಸಿ ಅಂಜೂರದ ಗಿಡವನ್ನು ಟಬ್ಬಿನಿಂದ ಇಳಿಸಿದಳು. “ಅಯ್ಯೋ, ರುಜು ಆಗ್ಲಿ ತಾಯೀ! ಮನೆ ಇನ್ನೂ ನಿಂದಾಗಿಲ್ಲ!” ಎಂದು ಒಡೆಸ್ಸಾ ಹಿಂದಿನಿಂದ ಕೂಗುತ್ತಲೇ ಇದ್ದಳು. ಇಷ್ಟು ವರ್ಷ ಟಬ್ಬಿನೊಳಗೇ ಬೇರು ಸುತ್ತಿಕೊಂಡಿದ್ದ ಗಿಡ ನೆಲ ಸಿಕ್ಕರೂ ನೆಟ್ಟಗೆ ನಿಲ್ಲಲಿಲ್ಲ, ಒಂದು ಪಕ್ಕಕ್ಕೆ ವಾಲಿತು. ಸುತ್ತ ಕೋಲೊಂದೂ ಕಾಣಲಿಲ್ಲ. ಮಾರ್ಲೀನ್ ಅದೇ ಬೋರ್ಡನ್ನು ಗಿಡದ ಪಕ್ಕಕ್ಕೆ ನೆಟ್ಟು, ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಗಿಡವನ್ನು ಅದರ ಕಂಬಕ್ಕೆ ಕಟ್ಟಿದಳು.

ರಸ್ತೆಯಲ್ಲಿ ಹೋಗುತ್ತಿದ್ದ ಮುದುಕನೊಬ್ಬ ತನ್ನ ಟ್ರಕ್ಕು ನಿಧಾನಿಸಿದ. ಹೊಸ ಕೋಚನ್ನು ಗುರುತು ಹಿಡಿದು ಟೋಪಿ ಎತ್ತಿದ. ಬೋರ್ಡು ನೋಡಿದ, ಗಿಡ ನೋಡಿದ, ಮತ್ತೆ ಬೋರ್ಡು ನೋಡಿದ.

“ಏನಮ್ಮಾ, ಮನೆ ಮಾರಾಟ ಆಯ್ತೋ, ಇನ್ನೂ ಮಾರಾಟಕ್ಕಿದೆಯೋ?”

ಮಾರ್ಲೀನ್ ಗಿಡದ ಬುಡದ ಮಣ್ಣನ್ನು ಕಾಲಿನಿಂದ ಒತ್ತುತ್ತಿದ್ದಳು.

“ನವೆಂಬರ್‌ನಲ್ಲಿ ನೀವೇ ಬಂದು ಹೇಳ್ಬೇಕು ಯಜಮಾನ್ರೇ.”