ಅರಸರು ನಗುವ ತನಕ

ಬ್ರಿಟಿಷರ ಯುದ್ಧನಿಧಿಗಾಗಿ ಅರಮನೆಯಲ್ಲಿ ಸಿನಿಮಾ ತೋರಿಸಬೇಕೆಂದು ಅಪ್ಪಣೆಯಾಯಿತು. ಟೆಂಟ್ ಸಿನಿಮಾದ ಮಾಲೀಕನ ಬಳಿ ಇದ್ದದ್ದು ಒಂದೇ ಚಿತ್ರ. ರಾಜಕುಮಾರಿ ಜಟಕಾ ಹೊಡೆಯುವವನನ್ನು ಮದುವೆಯಾಗುವ ತಮಾಷೆಯ ಕಥೆ.

ಆ ಆಸ್ಥಾನದಲ್ಲಿ ಅರಸರು ನಗುವ ಮೊದಲು ಬೇರೆ ಯಾರೂ ನಗುವಂತಿರಲಿಲ್ಲ. ಅರಸರೋ ನಗಲೇ ಇಲ್ಲ. ತೆರೆಯ ಮೇಲಿನ ರಾಜ ಕುದುರೆ ಲದ್ದಿಯ ಮೇಲೆ ಜಾರಿಬಿದ್ದಾಗಲೂ ಸಭೆಯಲ್ಲಿ ಒಂದು ಕೆಮ್ಮೂ ಕೇಳಿಸಲಿಲ್ಲ.

"ಮೂದೇವಿ, ಆ ತುಂಡು ಕತ್ತರಿಸು ಅಂದಿರಲಿಲ್ವೇನೋ?" ಮಾಲೀಕ ಪ್ರೊಜೆಕ್ಟರ್ ನಡೆಸುವವನನ್ನು ಪಿಸುದನಿಯಲ್ಲೇ ಬೈದ.

"ಜನ ನಗೋದೇ ಅದಕ್ಕೆ, ಇರಲಿ ಬಿಡು ಅಂದಿದ್ದು ನೀವೇ ಯಜಮಾನ್ರೇ. ಈಗ ಜಟಕಾದವ ರಾಜನ ಮೀಸೆ ಎಳೀತಾನೆ, ನೋಡ್ತಿರಿ."

"ಹಾಗಾದ್ರೆ ಇವತ್ತು ನಮ್ಮಿಬ್ಬರ ಚರ್ಮ ಸುಲೀತಾರೆ ಕಣೋ."

ತೆರೆಯ ಮೇಲೆ ಮೀಸೆ ಎಳೆದದ್ದೇ ತಡ, ಅರಸರ ಹೆಗಲು ಅದುರಿತು. ಅವರು ಬೆರಳು ಮಾಡಿ ಮಾಲೀಕನನ್ನು ಕರೆದರು. ಅವನು ಹೋಗಿ ಕುರ್ಚಿಯ ಪಕ್ಕ ಮಂಡಿಯೂರಿದ.

"ತಪ್ಪಾಯ್ತು ಮಹಾಸ್ವಾಮಿ. ಮಕ್ಕಳೊಂದಿಗ, ಜೀವ ಒಂದು ಉಳಿಸಿ."

"ಬಾಯಿ ಮುಚ್ಚು," ಅರಸರು ತುಟಿ ಕಚ್ಚಿಕೊಂಡು ಪಿಸುಗುಟ್ಟಿದರು. "ನಮಗೆ ಹೊಟ್ಟೆ ಬಿರೀತಿದೆ. ಪಕ್ಕದಲ್ಲಿ ಕೂತಿರೋ ಬಿಳಿ ಸಾಹೇಬರು ನಕ್ಕರಾ, ನೋಡಿ ಹೇಳು. ಅವರು ನಗೋಕೆ ಮುಂಚೆ ನಾವು ನಗುವಂತಿಲ್ಲ."